ಎಂಟನೇ ಸಾಲು

ಮಾರ್ಚ್ 3, ಬೆಳಿಗ್ಗೆ 10

ಮತ್ತೆ ಚರ್ಮ ಒದ್ದೆ ಮಾಡಿದ್ದಾಯಿತು. ಸ್ಪಂಜಿನಿಂದ ಒರೆಸಬೇಕು, ಬಣ್ಣ ಅರ್ಧ ತಿಳಿಯಾಗುವ ತನಕ ಕಾಯಬೇಕು, ಅಚ್ಚು ಇಟ್ಟು ಮರದ ಕೊಡತಿಯಿಂದ ಹೊಡೆಯಬೇಕು. ಹೇಳಲು ಇಷ್ಟೇ. ಹನ್ನೊಂದು ಏಟು ಸರಿಯಾಗಿ ಬಿತ್ತು. ಹನ್ನೆರಡನೆಯದು ಪಕ್ಕದ ಮನೆಗೆ ಹೋಯಿತು.

ಈ ಬುಟ್ಟಿ ಅಚ್ಚು ಕಂಡುಹಿಡಿದವನು ಒಮ್ಮೆ ಕೈಗೆ ಸಿಗಲಿ. ಎರಡು ಕಾಲಿನ ಪುಟ್ಟ ಕಬ್ಬಿಣ. ಒಂದು ಏಟಿನ ಕಾಲಿನ ಗುರುತಿನ ಮೇಲೆ ಮುಂದಿನ ಏಟಿನ ಕಾಲು ಕೂರಬೇಕು. ಸಾಲಿಗೆ ಸಾಲು ಹಾಗೇ ಸೇರಿದರೆ ಬುಟ್ಟಿ ಹೆಣೆದಂತೆ ಕಾಣುತ್ತದೆ. ಕೂದಲೆಳೆಯಷ್ಟು ಜಾರಿದರೆ ಸಾಲು ಮುಗಿಯುವಷ್ಟರಲ್ಲಿ ಬೆರಳಗಲ ಜಾರಿರುತ್ತದೆ. ಅಳಿಸಲೂ ಬರುವುದಿಲ್ಲ.

ಇಪ್ಪತ್ತೆರಡು ವರ್ಷದಿಂದ ಕತ್ತರಿಸುವುದು, ಹೊಲಿಯುವುದು ನನ್ನ ಪಾಲು. ಅಚ್ಚು ಇವರದು. ಮುಟ್ಟಲು ಬಿಟ್ಟವರಲ್ಲ. ಈಗ ಕಣ್ಣಿನ ಆಪರೇಷನ್ ಆಗಿ ಐದು ದಿನ. ಹಿಂದಿನ ಪರದೆ ಕಿತ್ತು ಬಂದಿತ್ತಂತೆ. ಒಳಗೆ ಗ್ಯಾಸ್ ತುಂಬಿದ್ದಾರೆ, ಹದಿನೈದು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಇನ್ನೊಂದು ಕಣ್ಣು ಚಿಕ್ಕಂದಿನಿಂದಲೂ ಹೆಸರಿಗಷ್ಟೇ. ಫೋಟೋಗ್ರಾಫರ್‌ಗೆ ಕ್ಯಾಮೆರಾ ಬ್ಯಾಗ್ ಇಪ್ಪತ್ತೈದಕ್ಕೆ ಬೇಕು. ಮುಂಭಾಗ ಇವರು ಮೊದಲೇ ಮುಗಿಸಿಟ್ಟಿದ್ದಾರೆ. ಹಿಂಭಾಗ ನನ್ನ ತಲೆಗೆ.

ಮಾರ್ಚ್ 4

ದಿಂಬಿನೊಳಗಿಂದ ಪಾಠ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಮಾತಾಡುತ್ತದೆ.

"ಕೊಡತಿ ಓರೆ ಹಿಡಿದಿದೀಯ."

"ನಿಮಗೆ ಹೇಗ್ರೀ ಗೊತ್ತು?"

"ಸದ್ದಲ್ಲೇ ಗೊತ್ತಾಗುತ್ತೆ. ಟಕ್ ಅನ್ಬೇಕು. ನಿಂದು ಟಪ್ ಅಂತಿದೆ."

ಟಕ್ ಅಂತೆ, ಟಪ್ ಅಂತೆ. ಊಟದ ತಟ್ಟೆ ಮಂಚದ ಕೆಳಗೆ ಇಟ್ಟು ಬಂದೆ — ಹೇಗೂ ಅಲ್ಲೇ ನೋಡುತ್ತಿರುತ್ತಾರೆ.

ಮಾರ್ಚ್ 6, ಸಂಜೆ

ಮೂರನೇ ತುಂಡೂ ಹಾಳು. ನಾದಿನಿ ಅಣ್ಣನನ್ನು ನೋಡಲು ಬಂದಿದ್ದಳು. ನನ್ನ ಅವತಾರ ನೋಡಿ, "ಈಗೆಲ್ಲ ಮಷೀನ್ ಬಂದಿದೆ ಅತ್ತಿಗೆ. ಒಂದ್ಸಲ ಒತ್ತಿದ್ರೆ ಮುಗೀತು. ಯಾಕೆ ತಲೆ ಕೆಡಿಸ್ಕೋತೀರ?" ಎಂದಳು. ದಿಂಬು ಗುರ್ ಎಂದಿತು. ಬೇಗ ಕಾಫಿ ಕೊಟ್ಟು ಕಳಿಸಿದೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಒಂದು ಸಾಲು ಸರಿಯಾಗಿ ಬರುತ್ತದೆ, ಮುಂದಿನದು ಕೆಡುತ್ತದೆ. ಮತ್ತೆ ಒಂದು ಸರಿ, ಒಂದು ಹಾಳು. ನನ್ನ ಕೈ ಏನು ದಿನ ಬಿಟ್ಟು ದಿನ ಕೆಲಸಕ್ಕೆ ಬರುತ್ತದಾ?

ಮಾರ್ಚ್ 9

ಗೊತ್ತಾಯಿತು! ಅಚ್ಚು ಒರೆಸುವಾಗ ಹಿಡಿಯ ಮೇಲೆ ಅರದಿಂದ ಗೀರಿದ ಸಣ್ಣ ಗುರುತು ಕಂಡಿತು. ಇದೇನು ಎಂದು ಕೇಳಿದೆ.

"ಅದಾ? ಅದು ಎದೆ ಕಡೆಗೇ ಇರ್ಬೇಕು, ಯಾವಾಗ್ಲೂ. ಒಂದು ಕಾಲು ಚೂರು ದಪ್ಪ ಇದೆ."

"ಯಾವಾಗ ಹೇಳೋಣ ಅಂತಿದ್ರಿ?"

"ಹೇಳಿರ್ಲಿಲ್ವಾ?"

ಒಂದು ಸಾಲು ಮುಗಿಸಿ ವಾಪಸ್ ಬರುವಾಗ ಅನುಕೂಲಕ್ಕೆಂದು ಅಚ್ಚು ತಿರುಗಿಸಿ ಹಿಡಿಯುತ್ತಿದ್ದೆ. ಅದಕ್ಕೇ ಸಾಲು ಬಿಟ್ಟು ಸಾಲು ಹಾಳು. ಐದು ತುಂಡು ಚರ್ಮ! ಹೆಬ್ಬೆರಳು ಊದಿ ಕೂತಿದೆ. ಇವರಿಗೆ ನಗು. ಬೆನ್ನು ಕುಲುಕುತ್ತಿತ್ತು. ಆಪರೇಷನ್ ಆಗಿರದಿದ್ದರೆ ಆ ದಿಂಬು ಕಿತ್ತು ಬೀದಿಗೆ ಎಸೆಯುತ್ತಿದ್ದೆ.

ಮಾರ್ಚ್ 12, ಮಧ್ಯಾಹ್ನ

ಬಂತು. ಇಪ್ಪತ್ತು ಸಾಲು, ಒಂದೂ ಜಾರಿಲ್ಲ. ಖುಷಿಯಿಂದ ಇವರ ಮುಂಭಾಗದ ಪಕ್ಕ ಇಟ್ಟೆ. ಹೊಂದುತ್ತಿಲ್ಲ. ಹಾಳಾಗಿ ಹೋಗಲಿ, ಮತ್ತೆಲ್ಲಿ ಎಡವಿದೆ ಎಂದು ಸ್ಕೇಲ್ ಹಿಡಿದು ಅಳೆದೆ. ನನ್ನದು ನೇರ ಇದೆ.

ಇವರದನ್ನು ಅಳೆದೆ. ಏಳು ಸಾಲು ಚೊಕ್ಕ. ಎಂಟನೆಯದರಿಂದ ಜಾರುತ್ತಾ ಹೋಗಿದೆ. ಎಡಬದಿ ಮಾತ್ರ.

ಆಪರೇಷನ್ನಿಗೆ ಮೊದಲು ಡಾಕ್ಟರ್ ಕೇಳಿದ್ದು ನೆನಪಾಯಿತು — ಎಡಗಡೆಯಿಂದ ನೆರಳು ಬಂದು ಎಷ್ಟು ದಿನವಾಯಿತು ಎಂದು. ಇವರು "ಎರಡೇ ದಿನ" ಎಂದಿದ್ದರು. ಈ ಮುಂಭಾಗ ಫೆಬ್ರವರಿ ಮೊದಲ ವಾರದ ಕೆಲಸ. ಮೂರು ವಾರ ಬಾಯಿ ಮುಚ್ಚಿಕೊಂಡು ಕೂತು ಕೊಡತಿ ಹೊಡೆದಿದ್ದಾರೆ. ಆಗಲೇ ಹೇಳಿದ್ದರೆ ಇಷ್ಟೊಂದು ಕೆಡುತ್ತಿತ್ತಾ?

ಮಾರ್ಚ್ 13

ಇವತ್ತು ಇವರೊಡನೆ ನನ್ನ ಮಾತಿಲ್ಲ. ಕೇಳಿದ್ದಕ್ಕೆಲ್ಲ ಹ್ಞೂಂ.

ಮಾರ್ಚ್ 14

ಆಸ್ಪತ್ರೆ. ಇನ್ನು ಕೂರಬಹುದಂತೆ, ಓಡಾಡಬಹುದಂತೆ. ಗ್ಯಾಸ್ ಕರಗುವ ತನಕ ಎಲ್ಲ ಮಂಜು ಮಂಜು. ನೋಟ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರ್. ಇವರು ಎದೆಯುಬ್ಬಿಸಿ, "ಕಣ್ಣು ಅಷ್ಟೇನೂ ಕೆಟ್ಟಿರ್ಲಿಲ್ಲ ಡಾಕ್ಟ್ರೇ. ಆ ನೆರಳು ಇಟ್ಕೊಂಡೇ ಒಂದು ಬ್ಯಾಗಿನ ಮುಂಭಾಗ ಮಾಡಿದೀನಿ. ಗೆರೆ ಎಳೆದ ಹಾಗಿದೆ. ಬೇಕಾದ್ರೆ ಇವಳನ್ನ ಕೇಳಿ" ಎಂದರು.

ಡಾಕ್ಟರ್ ನನ್ನ ಕಡೆ ನೋಡಿದರು. ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ.

ಬಸ್ಸಿನಲ್ಲೂ ದಾರಿಯುದ್ದಕ್ಕೂ ಅದೇ ಮಾತು. ಆ ಒಂದು ತುಂಡನ್ನು ನಂಬಿ ಕೂತಿದ್ದಾರೆ. ಅದು ನೇರ ಬಂದಿದೆ, ಹಾಗಾಗಿ ಮತ್ತೆ ಕೆಲಸ ಮಾಡಬಲ್ಲೆ ಎಂದು. ನಾನು ಬಾಯಿ ಬಿಟ್ಟರೆ ಮುಗಿಯಿತು.

ಮಾರ್ಚ್ 17

"ಎರಡೂ ಕೊಡು ನೋಡೋಣ" ಎಂದರು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ನೋಡು, ಇಲ್ಲಿ. ಎಂಟನೇ ಸಾಲಿಂದ ಜಾರಿದೆ. ಅವಸರ ಮಾಡ್ಬೇಡ, ಮಾಡ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ!"

ಆಮೇಲೆ ಇನ್ನೊಂದರ ಮೇಲೆ ಕೈಯಾಡಿಸಿದರು. ಮುಖ ಅರಳಿತು.

"ಇದು ನೋಡು. ಕೆಲಸ ಅಂದ್ರೆ ಇದು. ಕಣ್ಣು ಕೈಕೊಟ್ರೂ ನನ್ನ ಕೈ ತಪ್ಪಲ್ಲ."

ಅದು ನನ್ನದು.

ಇಪ್ಪತ್ತೆರಡು ವರ್ಷ ಇವರ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದೆ. ಕೊನೆಗೂ ಬಂದಾಗ ಅದನ್ನೂ ಇವರೇ ಇಟ್ಟುಕೊಂಡರು.

"ಇದು ನಿಂದೇ ತಾನೆ?" ಜಾರಿದ್ದನ್ನು ಎತ್ತಿ ಹಿಡಿದು ಕೇಳಿದರು. ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ದಿನದ ಟಕ್ಕು ಟಪ್ಪಿಗೆಲ್ಲ ಒಂದೇ ಮಾತಿನಲ್ಲಿ ತೀರಿಸಿಬಿಡಬಹುದಿತ್ತು.

"ಹೌದು, ನಂದೇ" ಎಂದೆ.

"ಹಾಗಾದ್ರೆ ಇನ್ನೊಂದು ಮಾಡು."

ಮಾರ್ಚ್ 18

ಮೈ ಉರಿಯುತ್ತಿದೆ. ತಪ್ಪು ಇವರದು, ಬೈಸಿಕೊಂಡವಳು ನಾನು, ತಿದ್ದಬೇಕಾದವಳೂ ನಾನು. ದೊಡ್ಡ ಮನಸ್ಸು ಅಂತ ಯಾರಾದರೂ ಅಂದರೆ ಕೊಡತಿ ಎತ್ತುತ್ತೇನೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಆ ಅರಳಿದ ಮುಖ ನೋಡಿ ಹೆದರಿಕೆಯಾಯಿತು, ಅಷ್ಟೇ.

ಮತ್ತೆ ಚರ್ಮ ಒದ್ದೆ ಮಾಡಿದೆ.

ಮಾರ್ಚ್ 24

ಬ್ಯಾಗ್ ಹೋಯಿತು. ಎರಡೂ ಬದಿ ನನ್ನದೇ. ಫೋಟೋಗ್ರಾಫರ್ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ನಿಮ್ಮದ್ಯಾವುದು ಸರ್, ಅಮ್ಮಂದ್ಯಾವುದು?" ಎಂದು ಕೇಳಿದರು.

"ಮುಟ್ಟಿ ನೋಡಿ, ಗೊತ್ತಾಗುತ್ತೆ."

ಮುಟ್ಟಿ ನೋಡಿದರು. "ಗೊತ್ತಾಗ್ತಿಲ್ಲ ಸರ್."

ಇವರಿಗೆ ಅಸಮಾಧಾನ. ಸಂಜೆಯವರೆಗೆ ಗೊಣಗಾಟ, ಈಗಿನವರ ಬೆರಳಿಗೆ ಚರ್ಮವೇ ಗೊತ್ತಿಲ್ಲವೆಂದು. ಜಾರಿದ ತುಂಡನ್ನು ಎಸೆಯಲು ಕೈ ಬರಲಿಲ್ಲ. ಚೂರುಗಳ ಡಬ್ಬದಲ್ಲಿ ತಳಕ್ಕೆ ತುರುಕಿದೆ.

ಏಪ್ರಿಲ್ 16

ಗ್ಯಾಸ್ ಪೂರ್ತಿ ಕರಗಿದೆ. ಮುಕ್ಕಾಲು ನೋಟ ಬಂದಿದೆ. ಎಡ ಅಂಚು ಇನ್ನು ಬರುವುದಿಲ್ಲ ಎಂದರು ಡಾಕ್ಟರ್. ಇವರು "ಪರವಾಗಿಲ್ಲ ಬಿಡಿ, ಆ ಅಂಚಿಲ್ಲದೇ ಕೆಲಸ ಮಾಡಿ ತೋರಿಸಿದೀನಿ" ಎಂದು ನಕ್ಕರು. ನಾನು ಚೀಟಿ ಮಡಿಸುತ್ತಾ ನಿಂತೆ.

ಏಪ್ರಿಲ್ 19, ಬೆಳಿಗ್ಗೆ 11

ಇವತ್ತು ಅಚ್ಚು ಹಿಡಿಯುತ್ತೇನೆಂದು ಹೊರಟರು. ಕೈ ಪಳಗಿಸಿಕೊಳ್ಳಲು ಚೂರು ಬೇಕೆಂದು ಡಬ್ಬ ಸುರಿದ ಸದ್ದು. ಓಡಿದೆ. ಅಷ್ಟರಲ್ಲಿ ಆ ತುಂಡು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ತಲೆ ಎಡಕ್ಕೆ ತಿರುಗಿಸಿ ನೋಡುತ್ತಿದ್ದರು. ಈಗ ಹಾಗೇ ನೋಡಬೇಕು. ತುಂಡು ಮಗುಚಿದರು. ಪೆನ್ಸಿಲಿನಲ್ಲಿ 'ಮುಂಭಾಗ' ಎಂದಿತ್ತು. ಇವರದೇ ಅಕ್ಷರ. ಆ ಬದಿ ನಾನು ನೋಡಿಯೇ ಇರಲಿಲ್ಲ.

"ಅವತ್ತು ಇದು ನಂದು ಅಂದ್ಯಲ್ಲ."

"ಅಂದೆ."

"ಹಾಗಾದ್ರೆ ನಾನು ಹೊಗಳಿದ್ದು?"

ಒಲೆ ಮೇಲೆ ಹಾಲಿದೆ ಎಂದು ಹೇಳಿ ಅಡುಗೆಮನೆಗೆ ಬಂದು ಕೂತೆ. ಹಾಲೂ ಇಲ್ಲ, ಏನೂ ಇಲ್ಲ. ಬೈಯಲಿ, ಕೂಗಾಡಲಿ, ತಡೆದುಕೊಳ್ಳುತ್ತೇನೆ. ಸುಮ್ಮನೆ ಕೂತುಬಿಟ್ಟರೆ ಏನು ಮಾಡಲಿ?

…ಸ್ಪಂಜಿನ ನೀರು ಹಿಂಡಿದ ಸದ್ದು. ಚರ್ಮ ತಿಳಿಯಾಗಲು ಕಾಯುತ್ತಿದ್ದಾರೆ. ಈಗ ಕೊಡತಿ. ನಿಧಾನ, ಒಂದೊಂದೇ ಏಟು… ನಿಂತಿತು. ಕರೆಯುತ್ತಿದ್ದಾರೆ.

"ಬಾ ಇಲ್ಲಿ. ಒಂದು ಸಾಲು ಆಯ್ತು. ಆ ಎಡಗಡೆ ನಂಗೆ ಕಾಣಲ್ಲ, ನೀನು ನೋಡು. ನೇರ ಇಲ್ದಿದ್ರೆ ಇಲ್ಲ ಅನ್ನು."

ಹೋಗಬೇಕು. ಈ ಸಲ ಏನಿದೆಯೋ ಅದನ್ನೇ ಹೇಳುತ್ತೇನೆ.