ಅಣ್ಣನ ಜೋಡುನಳಿಗೆ ಬಂದೂಕು

ದೆಹಲಿ, 14-2-1982

ಭದ್ರಮ್ಮ ಅತ್ತಿಗೆಗೆ ನರಸಿಂಹಪ್ಪನ ನಮಸ್ಕಾರ. ಅಣ್ಣ ಗೆದ್ದುಬಿಟ್ಟ. ಕಾರ್ಡಿನಲ್ಲಿ ಜಾಗ ಕಡಿಮೆ, ಅದಕ್ಕೇ ಇದನ್ನು ಮೊದಲು ಬರೆದೆ.

ಇಲ್ಲಿನ ಬಂದೂಕಿನ ಪಂದ್ಯದಲ್ಲಿ ಯಂತ್ರವೊಂದು ಅಂಗೈಯಗಲದ ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ. ಅದು ಬೀಳುವುದರೊಳಗೆ ಹೊಡೆದು ಪುಡಿ ಮಾಡಬೇಕು. ಎಲ್ಲರ ಕೈಯಲ್ಲೂ ಒಂದರ ಮೇಲೊಂದು ನಳಿಗೆಯಿರುವ ಇಟಲಿಯ ಬಂದೂಕು. ಅಣ್ಣನದು ಮಾತ್ರ ನಮ್ಮೂರು ತಳಿಯಲ್ಲಿ ರಾಗಿ ಹೊಲದಿಂದ ಹಂದಿ ಓಡಿಸುವ ನಮ್ಮ ಹಳೆಯ ಜೋಡುನಳಿಗೆ. ಹೋದ ವರ್ಷ ಗೆದ್ದಿದ್ದ ಅಂಬಾಲಾದ ಸರ್ದಾರರು ಮರುಕಪಟ್ಟು ತಮ್ಮ ಇನ್ನೊಂದು ಬಂದೂಕನ್ನೇ ಕೊಡಲು ಬಂದರು.

"ಬ್ಯಾಡ ಅಂತ ಹೇಳ್ಲಾ, ನನ್ನ ಭುಜಕ್ಕೆ ಇದೇ ಒಗ್ಗೋಗದೆ. ಅವರ ತೋಟಾ ಕೊಟ್ರೆ ಈಸ್ಕತ್ತೀನಿ. ಹಂದಿಗೆ ದಪ್ಪ ಗುಂಡು, ಈ ಬಿಲ್ಲೆಗೆ ಸಾಸಿವೆಯಂತದೇ ಆಗ್ಬೇಕು" ಅಂದ ಅಣ್ಣ. ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಅವರು ನಗುತ್ತ ಸಣ್ಣ ಗುಂಡಿನ ತೋಟಾ ಒಂದು ಡಬ್ಬಿ ಪೂರ್ತಿ ಕೊಟ್ಟರು.

ಕೊನೆಯ ಸುತ್ತಿನಲ್ಲಿ ಅಣ್ಣ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹೊಡೆದ. ಸರ್ದಾರರಿಗೆ ಒಂದು ತಪ್ಪಿತು. ಅವರೇ ಓಡಿಬಂದು ಅಣ್ಣನನ್ನು ಎತ್ತಿಕೊಂಡು ಕುಣಿದರು.

ಅಣ್ಣನ ಭುಜ ಸ್ವಲ್ಪ ಊದಿದೆ, ಉಪ್ಪಿನ ಶಾಖ ಕೊಡುತ್ತಿದ್ದೇನೆ, ಗಾಬರಿ ಬೇಡ. ಮೆಡಲು ಕೊರಳಲ್ಲೇ ಇದೆ. ಸ್ನಾನಕ್ಕಾದರೂ ತೆಗೆ ಅಂದರೆ, "ಭದ್ರ ನೋಡೋಗಂಟ ತೆಗ್ಯಾಕಿಲ್ಲ ಕಣ್ಲಾ" ಅನ್ನುತ್ತಾನೆ.

ನಿಮ್ಮ ಮೈದುನ,
ನರಸಿಂಹಪ್ಪ