ಟೈರಿನೊಳಗಿನ ನೀರು

ಜೂನ್ 18

ಇವತ್ತೂ ಕಲ್ಲು. ಭೂಮಿಯ ಈ ದಕ್ಷಿಣ ತುದಿಲಿ ಜೂನ್ ಅಂದ್ರೆ ನಡು ಚಳಿಗಾಲ. ಕೋಳಿ ಬೋಗುಣಿಯ ನೀರು ತಳದವರೆಗೆ ಗಟ್ಟಿಯಾಗಿ ಕೂತಿದೆ. ಕೊಡಲಿ ಹಿಂಬದಿಯಿಂದ ಎಡಗೈಲಿ ಬಡಿದೆ — ಬೋಗುಣಿ ಸೀಳಿತು, ಐಸ್ ಹಾಗೇ ಇದೆ. ಬಲಗೈ ಇನ್ನೂ ಪಟ್ಟಿಯಲ್ಲಿ. ಗೂಡಿನ ಮುಂದೆ ಜಾರಿ ಬಿದ್ದಿದ್ದು, ಮಣಿಕಟ್ಟು ಮುರಿದಿದ್ದು, ಎಲ್ಲಾ ಇವುಗಳ ಬಾಯಾರಿಕೆಗೆ. ನೀರಿಲ್ಲದಿದ್ರೆ ಮೊಟ್ಟೆ ನಿಲ್ಲಿಸ್ತಾವೆ, ಮಹಾರಾಣಿಯರು.

ಎಡಗೈ ಬರಹ, ಕಾಗೆ ಕಾಲು ಗುಬ್ಬಿ ಕಾಲು. ಇರಲಿ, ಓದೋರು ಯಾರಿದ್ದಾರೆ.

ಹೊಳೆ ಆಚೆಯ ರೋಸಾಮೆಲ್ ಬಂದ. ಕೈ ಮುರಿದಾಗಿನಿಂದ ದಿನಾ ಬರ್ತಾನೆ. ನನ್ನ ಒಲೆ ಮೇಲಿನ ಕೆಟಲ್ ಒಯ್ದು ಐಸ್ ಮೇಲೆ ಬಿಸಿನೀರು ಸುರಿತಾನೆ. ಆಮೇಲೆ ಒಳಗೆ ಕೂತು, ಸೋರೆ ಬುರುಡೆಗೆ ಎಲೆಪುಡಿ ಹಾಕಿ, ಮತ್ತೆ ಮತ್ತೆ ಬಿಸಿನೀರು ತುಂಬಿಸಿ ಮಾಟೆ ಬೆರೆಸಿ ಕೊಡ್ತಾನೆ. ಮನೆಯವಳು ನಾನು, ಬೆರೆಸಬೇಕಾದವಳು ನಾನು. "ಕೈ ಸರಿಯಾಗೋವರೆಗೆ ನೀವೇ ಅತಿಥಿ, ಒಟಿಲಿಯಾ. ಸುಮ್ನೆ ಕುಡೀರಿ" ಅಂದ. ಸುಮ್ಮನೆ ಕುಡಿದೆ. ನಾನು, ಸುಮ್ಮನೆ.

ಜೂನ್ 21

ಕಿಟಕಿಗೂ ಬಾಗಿಲಿಗೂ ಓಡಾಡಿ ನೆಲ ಸವೀತಿದೆ. ರೋಸಾಮೆಲ್ ತಡ ಮಾಡಿದ. ಆಯ್ಸೆನ್ ಬಂದರಿನಿಂದ ಅವನ ಅಣ್ಣನ ಮಗ ಫೋನ್ ಮಾಡಿದ್ದನಂತೆ. ಮೀನಿನ ಫ್ಯಾಕ್ಟರಿಲಿ ಕಾವಲಿನ ಕೆಲಸ ಇದೆ, ರೂಮಿದೆ, ಜುಲೈ ಮೊದಲ ಶನಿವಾರ ಮರದ ದಿಮ್ಮಿ ಸಾಗಿಸೋ ಲಾರಿಲಿ ಇಳಿದು ಬಾ ಅಂತ.

"ಹೋಗ್ತೀರಾ?"

"ಇಲ್ಲಿ ನನ್ನನ್ನ ಹಿಡಿದಿಟ್ಕೊಳ್ಳೋದು ಏನಿದೆ, ನೀವೇ ಹೇಳಿ."

ಹೇಳಬೇಕಿತ್ತು. "ನಿಮ್ಮ ಬೂಟಿಂದ ನೆಲ ಎಲ್ಲಾ ಕೆಸರು" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜೂನ್ 25

ಹಳೇ ಲಾರಿ ಟೈರು ಉರುಳಿಸಿಕೊಂಡು ಬಂದ. ಸೇತುವೆಯಿಂದ ಇಲ್ಲಿತನಕ, ಆ ಹಿಮದಲ್ಲಿ. ನಡುವೆ ಹೊಸ ಬೋಗುಣಿ ಕೂರಿಸಿದ. ಟೈರಿನ ಹೊಟ್ಟೆಗೆಲ್ಲ ಕುರಿ ಉಣ್ಣೆ ತುರುಕಿದ — ತೊಳೆಯದ್ದು, ಜಿಡ್ಡು ಜಿಡ್ಡು, ನೀರು ಹೀರಲ್ಲ. ಉತ್ತರದ ಬಿಸಿಲು ಬೀಳೋ ಕಡೆ ಇಟ್ಟ.

"ಏನಿದು, ಕೋಳಿಗಳಿಗೆ ಹಾಸಿಗೆಯಾ?"

"ನೀರಿಗೆ. ಕೋಳಿಗಳನ್ನ ಮುದ್ದು ಮಾಡೋಕೆ ನೀವಿದ್ದೀರಲ್ಲ."

ಜೂನ್ 26

ಎಂಥಾ ಚಳಿ ರಾತ್ರಿ. ಎದ್ದವಳೇ ಓಡಿದೆ — ಹಾಲಿನ ಕೆನೆಯಷ್ಟೇ ಐಸ್. ಕೋಳಿಗಳೇ ಕೊಕ್ಕಲ್ಲಿ ಒಡೆದು ಕುಡೀತಿವೆ. ನನ್ನ ಕಣ್ಣಲ್ಲೂ ನೀರು ಬಂತು, ಹುಚ್ಚಿ.

ಅವನು ಬಂದ, ಮಾಟೆ ಬೆರೆಸಿದ. ಮೊದಲನೆಯದನ್ನ ಹೀರಿ ಬುರುಡೆ ವಾಪಸ್ ಕೊಡ್ತಾ "ಗ್ರಾಸಿಯಾಸ್" ಅಂದೆ. ಟೈರಿಗೆ. ಮನಸ್ಸು ತುಂಬಿ ಉಪಕಾರ ಅಂದಿದ್ದು.

ಮುಖ ಒಂಥರಾ ಮಾಡ್ಕೊಂಡ. ಕೆಟಲ್ ಪಕ್ಕಕ್ಕಿಟ್ಟ. ಟೋಪಿ ಹಾಕ್ಕೊಂಡು "ಸರಿ" ಅಂತ ಹೊರಟೇ ಹೋದ. ಏನಾಯ್ತೋ ಇವನಿಗೆ.

ಮಧ್ಯಾಹ್ನ

ಅಯ್ಯೋ ದೇವರೇ. ಈಗ ಹೊಳೀತು. ಬುರುಡೆ ವಾಪಸ್ ಕೊಡುವಾಗ ಉಪಕಾರ ಅಂದ್ರೆ, ಸಾಕು, ಇನ್ನು ಬೇಡ ಅಂತ. ಹಾಲು ಕುಡಿಯೋ ಮಗುವಿಗೂ ಗೊತ್ತು. ಅದೂ ಮೊದಲನೆಯದಕ್ಕೇ. ಅವನು ಏನೋ ಹೇಳೋಕೆ ಗಂಟಲು ಸರಿ ಮಾಡ್ಕೋತಿದ್ದ...

ಜುಲೈ 1

ಬಂದಿಲ್ಲ. ಯಾಕೆ ಬರ್ತಾನೆ? ನೀರು ಗಟ್ಟಿಯಾದ್ರೆ ತಾನೆ. ಹಾಳು ಟೈರು. ಅವನಿಗೆ ಅಂತ ಸೊಪಾಯ್ಪಿಯಾ ರೊಟ್ಟಿ ಕರಿದಿದ್ದೆ, ಒಬ್ಬಳೇ ಅಷ್ಟೂ ತಿಂದೆ. ಹೊಟ್ಟೆನೋವು. ನಾಲ್ಕು ಸಲ ಕಿಟಕಿ ಒರೆಸಿದೆ. ಕೊಳೆ ಏನೂ ಇರಲಿಲ್ಲ.

ಜುಲೈ 4

ಅವನ ತಂಗಿ ಸುನಿಲ್ಡಾ ಮೊಟ್ಟೆಗೆ ಬಂದಳು.

"ಏನೇ, ನಮ್ಮಣ್ಣನ ಮೊದಲನೇ ಮಾಟೆಗೇ ಗ್ರಾಸಿಯಾಸ್ ಅಂದೆಯಂತೆ?"

"ಟೈರಿಗೆ ಅಂದಿದ್ದು ಕಣೇ."

"ಟೈರು ಬೆರೆಸಿ ಕೊಡ್ತಿತ್ತಾ?" ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಚೀಲ ಕಟ್ತಿದ್ದಾನೆ. ಸಾಕು ಅಂದಿದ್ದಲ್ಲ ಅಂತ ನೀನೇ ಬಂದು ಹೇಳು" ಅಂದಳು.

ಸೇತುವೆ ಜಾರುತ್ತೆ, ಈ ಕೈ ಇಟ್ಕೊಂಡು ಬರೋಕಾಗಲ್ಲ ಅಂದೆ. ಸುಳ್ಳು. ಭಯ. ಹೋಗಿ, ಅವನು ಇಲ್ಲ ಅಂದುಬಿಟ್ರೆ? "ನೀರು ಮತ್ತೆ ಗಟ್ಟಿಯಾಗ್ತಿದೆ, ನೋಡಿ ಹೋಗಬೇಕಂತೆ ಅನ್ನು" ಅಂತ ಬಾಯಿಗೆ ಬಂದಿದ್ದು ಹೇಳಿ ಕಳಿಸಿದೆ.

ಈಗ ಗಟ್ಟಿ ಮಾಡಬೇಕಲ್ಲ. ಸಂಜೆ ಹೋಗಿ ಟೈರಿನ ಉಣ್ಣೆ ಅಷ್ಟೂ ಕಿತ್ತೆ.

ಜುಲೈ 5

ಕಲ್ಲು. ಕೋಳಿಗಳು ಸುತ್ತ ನಿಂತು ನನ್ನನ್ನೇ ನೋಡ್ತಿವೆ. ನಾಚಿಕೆಯಾಯ್ತು. ಒಂದೇ ಕೈಲಿ ಬಿಸಿನೀರು ಹೊತ್ತು ಹೊತ್ತು ತೋಳು ಬಿದ್ದೋಯ್ತು. ಅವನು ಬರಲಿಲ್ಲ.

ಜುಲೈ 6, ಶನಿವಾರ ಬೆಳಿಗ್ಗೆ

ಬಂದ. ಒಳ್ಳೇ ಕೋಟು, ಹೆಗಲಿಗೆ ಚೀಲ. ಲಾರಿ ನನ್ನ ಗೇಟಿನ ಹತ್ತಿರವೇ ಹತ್ತಿಸ್ಕೊಳ್ಳುತ್ತಂತೆ. ಚೀಲ ಅಲ್ಲೇ ಇಟ್ಟು ನೇರ ಗೂಡಿಗೆ ಹೋದ.

"ಉಣ್ಣೆ ಎಲ್ಲಿ?"

"ನಾಯಿ ಕಿತ್ತು ಹಾಕ್ತು."

"ನಿಮ್ಮ ಮನೇಲಿ ನಾಯಿ ಇಲ್ಲ, ಒಟಿಲಿಯಾ."

ಕಿವಿ ಎಲ್ಲ ಉರಿದು ಹೋಯ್ತು. "ನಾನೇ ಕಿತ್ತಿದ್ದು. ಗಟ್ಟಿಯಾಗಲಿ ಅಂತ. ನೀವು ಬರಲಿ ಅಂತ. ಆವತ್ತು ನಿಮಗೆ ಸಾಕು ಅನ್ನಲಿಲ್ಲ ನಾನು. ಹೋಗಬೇಡಿ."

ಬೋಗುಣಿಯ ಐಸನ್ನ ಬೆರಳಲ್ಲಿ ತಟ್ಟಿ ನೋಡಿದ. "ಉಣ್ಣೆ ತನ್ನಿ" ಅಂದ, ಅಷ್ಟೇ. ತಂದುಕೊಟ್ಟು ಒಳಗೆ ಬಂದೆ, ಕೆಟಲ್ ಇಟ್ಟೆ. ಕೂರೋಕಾಗ್ತಿಲ್ಲ, ಅದಕ್ಕೇ ಗೀಚ್ತಿದ್ದೀನಿ. ಕಿಟಕಿಯಿಂದ ಕಾಣ್ತಾನೆ. ಮಂಡಿಯೂರಿ ತುರುಕ್ತಿದ್ದಾನೆ. ಅಷ್ಟೊಂದು ನಿಧಾನ ಯಾಕೋ.

ಲಾರಿ ಬಂತು. ಹಾರ್ನ್. ತಲೆ ಎತ್ತಲಿಲ್ಲ.

ಮತ್ತೆ ಹಾರ್ನ್. ಎದ್ದ. ಕೈ ಒರೆಸಿಕೊಂಡ. ಗೇಟಿನ ಕಡೆ ನಡೀತಿದ್ದಾನೆ... ಚೀಲ ಎತ್ತಿಕೊಂಡ. ಡ್ರೈವರ್ ಹತ್ರ ಏನೋ ಮಾತು. ಕೈ ಬೀಸಿದ, ಹೋಗು ಅಂತ. ಲಾರಿಗೆ.

ಚೀಲ ಹೆಗಲ ಮೇಲೆ, ಈ ಕಡೆಗೇ... ಕೆಟಲ್ ಸದ್ದು ಮಾಡ್ತಿದೆ, ಕುದಿದ ನೀರು ಹಾಕಿದ್ರೆ ಮಾಟೆ ಕೆಟ್ಟು ಹೋ—