ಕೌದಿಮನೆಯ ಕಿಟಕಿಕಾರನ ಬಿನ್ನಹ

ಉರಿಮಾಸ, ಬಹುಳ ಹದಿನೇಳು, ಇಸವಿ ೨೨೧೯
ರಾಯಚೂರು, ಮಟಮಟ ಮಧ್ಯಾಹ್ನ

ಸ್ವಸ್ತಿ ಶ್ರೀ. ತೆರೆದ ಕಿಟಕಿಗಳ ಒಡೆಯರೂ, ಸೀಲಿಂಗ್ ಫ್ಯಾನುಗಳ ಸಾರ್ವಭೌಮರೂ, ನಡುಬೇಸಿಗೆಯಲ್ಲಿ ಮಿರ್ಚಿ ಭಜಿ ಕರಿದು ಬಿಸಿ ಚಹಾದ ಜೊತೆ ತಿಂದು ‘ಏನ್ ಸೆಕಿ ಅದನಪಾ’ ಎಂದು ಆಶ್ಚರ್ಯಪಟ್ಟ ಧೀರರೂ ಆದ ಇಪ್ಪತ್ತೊಂದನೆಯ ಶತಮಾನದ ಶ್ರೀಮನ್ಮಹಾಪೂರ್ವಜರ ಪಾದಾರವಿಂದಗಳಿಗೆ, ನಿಮ್ಮ ಮರಿಮಗನ ಮರಿಮಗನೂ ಹನ್ನೊಂದನೆಯ ವಾರ್ಡಿನ ಅಧಿಕೃತ ಕಿಟಕಿಕಾರನೂ ಆದ ಮೌನೇಶನು ಸಾಷ್ಟಾಂಗ ಬಿದ್ದು (ನೆಲ ತಣ್ಣಗಿದೆ, ಏಳುವ ಅವಸರವಿಲ್ಲ) ಮಾಡಿಕೊಳ್ಳುವ ಬಿನ್ನಹ.

ಮೊದಲು ದಿನಾಂಕಕ್ಕೆ ಕ್ಷಮೆಯಿರಲಿ. ನಿಮ್ಮಲ್ಲಿ ಹನ್ನೆರಡೇ ತಿಂಗಳು. ನಮ್ಮಲ್ಲಿ ಏಪ್ರಿಲ್ಲಿಗೂ ಮೇ ತಿಂಗಳಿಗೂ ನಡುವೆ ಇನ್ನೊಂದು ಹುಟ್ಟಿಕೊಂಡಿದೆ. ಪಂಚಾಂಗದವರು ಅದಕ್ಕೆ ದೊಡ್ಡ ಹೆಸರಿಟ್ಟರು, ಜನ ಉರಿಮಾಸ ಎಂದರು. ಬಹುಳಕ್ಕೆ ಹದಿನೈದೇ ತಿಥಿ ಎಂಬ ನಿಮ್ಮ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಮೊದಲ ಮಳೆ ಬೀಳುವ ತನಕ ತಿಥಿಗಳನ್ನು ಎಳೆಯುತ್ತಲೇ ಇರುತ್ತೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಸಹಿಸಿಕೊಳ್ಳಿ. ನಿಮ್ಮ ‘ಕರೆಂಟ್ ಬಿಲ್’ ಎಂಬ ಮಾತನ್ನು ನಾವೂ ಇನ್ನೂರು ವರ್ಷಗಳಿಂದ ಸಹಿಸಿಕೊಂಡಿದ್ದೇವೆ.

ನಾವು ವಾಸಿಸುವುದು ಕೌದಿಮನೆಗಳಲ್ಲಿ. ಒಳಗೆ ಮಣ್ಣಿನ ಗೋಡೆ, ಅದರ ಹೊರಗೆ ಮೊಳದುದ್ದ ದಪ್ಪಕ್ಕೆ ಒತ್ತಿ ತುಂಬಿದ ಭತ್ತದ ಹುಲ್ಲು, ಅದರ ಮೇಲೆ ಬಿಳಿ ಗಿಲಾವು. ಮನೆಗೇ ಕೌದಿ ಹೊಚ್ಚಿದಂತೆ ಇರುವುದರಿಂದ ಆ ಹೆಸರು. ಕೌದಿಗೆ ಸ್ವಂತ ಬುದ್ಧಿಯಿಲ್ಲ. ಒಳಗೆ ತಂಪಿದ್ದರೆ ತಂಪನ್ನು ಕಾಯುತ್ತದೆ, ಒಳಗೆ ಬಿಸಿ ಸೇರಿದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಆದ್ದರಿಂದ ಬಿಸಿಯನ್ನು ಒಳಗೆ ಬಿಡದಿರುವುದೇ ನಮ್ಮ ಸಂಸಾರದ ಸಾರ. ಕಿಟಕಿಯ ಹೊರಗಡೆ ಚಾಪೆ ಇಳಿಬಿಡುತ್ತೇವೆ. ನೀವು ಒಳಗಡೆ ಪರದೆ ಕಟ್ಟುತ್ತಿದ್ದಿರಂತೆ. ಬಿಸಿಲನ್ನು ಕರೆದು ಕೂರಿಸಿ ಆಮೇಲೆ ಮುಖ ಮುಚ್ಚಿಕೊಳ್ಳುವ ಆ ಸಂಪ್ರದಾಯ ನಮ್ಮ ಶಾಲೆಯ ಮಕ್ಕಳನ್ನು ಇವತ್ತಿಗೂ ನಗಿಸುತ್ತದೆ. ರೊಟ್ಟಿ ಬಡಿಯುವುದು ನಸುಕಿನಲ್ಲಿ, ಓಣಿಯ ಒಲೆಯಲ್ಲಿ. ಹಗಲು ಒಳಗೆ ಬೆಂಕಿಯಿಲ್ಲ. ಬೀಗರು ಬಂದರೆ ‘ಎಷ್ಟು ಮೈಬಿಸಿ ಬಂದಾವ?’ ಎಂದು ಕೇಳುವುದು ವಾಡಿಕೆ, ಏಕೆಂದರೆ ಮುಚ್ಚಿದ ಮನೆಯಲ್ಲಿ ಒಬ್ಬೊಬ್ಬ ಮನುಷ್ಯನೂ ಒಂದು ಸಣ್ಣ ಒಲೆ. ದಪ್ಪ ಮಾವನನ್ನು ಎರಡೆಂದು ಎಣಿಸುತ್ತೇವೆ. ಇನ್ನು ಕಿಟಕಿಕಾರ: ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಕೂಡಲೇ ಎಲ್ಲ ಕಿಟಕಿ ತೆರೆದು, ಗೋಡೆಗಳನ್ನು ರಾತ್ರಿಯೆಲ್ಲ ಆರಲು ಬಿಟ್ಟು, ಸೂರ್ಯ ಮೂಡುವ ಮುಂಚೆ ಎಲ್ಲವನ್ನೂ ಮುಚ್ಚುವವನು. ಈ ಗೌರವಾನ್ವಿತ ಹುದ್ದೆ ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ಬಾರದವನಿಗೆ ಸಿಗುತ್ತದೆ. ಹಾಗೆ ನನಗೆ ಸಿಕ್ಕಿತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಆರು ವರ್ಷದ ಹಿಂದಿನ ಒಂದು ಬೇಸಿಗೆಯನ್ನು ನೆನೆಯುವುದಕ್ಕೆ. ಆಗ ನನ್ನ ಅಕ್ಕ ಸುಗಲಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಮಡಿಲಲ್ಲಿ ಅಂಗೈಯಷ್ಟು ಹೆಣ್ಣು ಕೂಸು. ನಮ್ಮಜ್ಜಿ ಹುಸೇನಮ್ಮ ಇದಕ್ಕಾಗಿಯೇ ಬದುಕಿದ್ದಳು. ಹೊಕ್ಕಳಬಳ್ಳಿ ಉದುರಿದ ಮೇಲೆ ಮರಿಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು ಎಂಬುದೊಂದೇ ಆಕೆಗಿದ್ದ ಆಸೆ. ಆದರೆ ವಾರ್ಡಿನ ನಿಯಮ ಕಟ್ಟುನಿಟ್ಟು. ಹಸುಗೂಸಿರುವ ಮನೆಯ ಒಳಗಿನ ಬಿಸಿ ಮೂವತ್ತೆರಡರ ಗೆರೆ ದಾಟಿದರೆ ತಾಯಿ-ಮಗುವನ್ನು ಮಳೆಗಾಲದ ತನಕ ನೆಲದಡಿಯ ತಂಪುಖಾನೆಗೆ ಒಯ್ಯುತ್ತಾರೆ. ಅಲ್ಲಿ ಜಾಗ ಕಡಿಮೆ, ಅಜ್ಜಿಯಂದಿರ ಮೈಬಿಸಿಗೆ ಪ್ರವೇಶವಿಲ್ಲ. ಆಗಲೇ ನಮ್ಮಜ್ಜಿಗೆ ಉಸಿರಿನ ತೊಂದರೆ. ಮಳೆಗಾಲದ ತನಕ ಎಂಬುದು ಆಕೆಗೆ ಬಹಳ ದೂರದ ಮಾತಾಗಿತ್ತು.

ಮನೆ ಯಾಕೋ ದಿನದಿಂದ ದಿನಕ್ಕೆ ಬಿಸಿಯಾಗತೊಡಗಿತು. ಬೆಳಗ್ಗೆ ಗೋಡೆಗೆ ಅಂಗೈ ಒತ್ತಿದರೆ ಮಣ್ಣಿನ ಬಿಂದಿಗೆಯ ತಂಪು ಇರಬೇಕು. ಮಲಗಿದ ಎಮ್ಮೆಯ ಬೆನ್ನು ಮುಟ್ಟಿದಂತಾಗುತ್ತಿತ್ತು. ಮನೆಮನೆಗೆ ಬಂದು ಬಿಸಿ ಅಳೆಯುವ ತಾಪದಕ್ಕ ಗೋಡೆಯ ಮಾಪಕ ನೋಡಿ, “ಗೆರಿ ಹತ್ರ ಬಂದೈತ್ರಿ ಅಮ್ಮಾ. ಸ್ವಾಮಾರ ಮತ್ತ ಬರ್ತೀನಿ. ಆವಾಗೂ ಹಿಂಗ ಇದ್ರ ನನ್ನ ಕೈಯಾಗ ಏನೂ ಇಲ್ಲ,” ಎಂದು ಹೋದಳು. ಮನೆಯವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

“ನಾ ದಿನಾ ರಾತ್ರಿ ಕಿಟಕಿ ತೆಗೀತೀನಿ,” ಎಂದೆ.

“ನಂಬಬೇಕಾ?” ಎಂದಳು ಅವ್ವ. “ಹೋದ ವರ್ಷ ಮಾಪಕಕ್ಕ ಬರಫ ಹಚ್ಚಿ ಮನಿಮಂದಿಗೆಲ್ಲ ಸ್ವೆಟರ್ ಹಾಕಿಸಿದಾವ ನೀನ ಅಲ್ಲೇನು?”

ಅದು ನಿಜ. ಮಂಜುಗಡ್ಡೆ ಹಚ್ಚಿದ ಮಾಪಕ ತೋರಿಸಿದ ಚಳಿಯನ್ನು ನಂಬಿ ದಪ್ಪ ಮಾವ ಕಿವಿಗೆ ಮಫ್ಲರ್ ಬೇರೆ ಸುತ್ತಿಕೊಂಡಿದ್ದ. ಕೀರ್ತಿಗೆ ಇಂಥ ಬೆಲೆ ತೆರಬೇಕಾಗುತ್ತದೆ. ಆದರೆ ನಾನು ತೆರೆದಿಟ್ಟ ಕಿಟಕಿಗಳು ನಸುಕಿಗೆ ಎದ್ದು ನೋಡಿದರೆ ಮುಚ್ಚಿರುತ್ತಿದ್ದವು, ಅದೂ ನಿಜ. ಅವತ್ತು ನಡುಮನೆಯ ಕಿಟಕಿಯ ಚಿಲಕಕ್ಕೆ ಎತ್ತಿನ ಕೊರಳ ಗೆಜ್ಜೆಸರ ಕಟ್ಟಿ ಮಲಗಿದೆ. ಅದು ಝಲ್ಲೆಂದಾಗ ಇಡೀ ಮನೆ ಎದ್ದು ಕೂತಿತು. ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದವಳು ಅಜ್ಜಿ.

“ಏನ್ ನೋಡ್ತೀರಿ? ಬಾಣಂತಿ ಕಿವ್ಯಾಗ ಗಾಳಿ ಹೊಕ್ಕರ ನೀವು ಬಂದು ತೆಗೀತೀರೇನು?” ಎಂದು ನಮ್ಮನ್ನೇ ಗದರಿದಳು.

ಪೂಜ್ಯ ಪೂರ್ವಜರೇ, ನಿಮ್ಮ ಮನೆಗಳು ಹೋದವು, ನಿಮ್ಮ ರಸ್ತೆಗಳು ಹೋದವು. ಬಾಣಂತಿಗೆ ಗಾಳಿ ತಾಕಬಾರದು ಎಂಬ ಮಾತು ಮಾತ್ರ ಒಂದು ಕೂದಲೂ ಕೊಂಕದೆ ನಮ್ಮ ತನಕ ಬಂದು ಮುಟ್ಟಿದೆ. ಅಜ್ಜಿ ಅಕ್ಕನ ಕಿವಿಗೆ ಬಟ್ಟೆ ಕಟ್ಟಿದ್ದಳು, ಕೂಸಿಗೆ ಕುಲಾವಿ ಹಾಕಿದ್ದಳು. ಅಷ್ಟು ಸಾಲದೆ ಎಲ್ಲರೂ ಮಲಗಿದ ಮೇಲೆ ಮನೆಯ ಕಿವಿಯನ್ನೂ ಕಟ್ಟುತ್ತಿದ್ದಳು. ಹಗಲಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯಲ್ಲೇ ಕೂತು ಮರುದಿನದ ಬಿಸಿಗಾಗಿ ಕಾಯುತ್ತಿತ್ತು. ಯಾರನ್ನು ಕಳೆದುಕೊಳ್ಳಬಾರದೆಂದು ಆಕೆ ಕಿಟಕಿ ಮುಚ್ಚುತ್ತಿದ್ದಳೋ, ಅದರಿಂದಲೇ ಅವರನ್ನು ಕಳೆದುಕೊಳ್ಳಲಿದ್ದಳು.

ಅವ್ವ ಸಿಟ್ಟಾದಳು, ಅಕ್ಕ ಅತ್ತಳು. ನಾನು ಅಜ್ಜಿಯ ಪಕ್ಕ ಕೂತೆ. “ಅಜ್ಜಿ, ಒಬ್ಬಾವ ಹಗಲೆಲ್ಲ ಕೌದಿ ಹೊಚ್ಚಿಕೊಂಡಾನ. ರಾತ್ರೀನೂ ತೆಗೀಲಿಲ್ಲಂದ್ರ ಏನಾಗ್ತಾನ?”

“ಕುದ್ದು ಹೋಗ್ತಾನ.”

“ನಮ್ಮ ಮನೀನೂ ಹಂಗ.”

ಆಕೆ ಎದ್ದು ಗೋಡೆಗೆ ಅಂಗೈ ಒತ್ತಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಅಂಗೈ ತೆಗೆದು ಹಿಂಗೈ ಇಟ್ಟು ಮತ್ತೆ ನೋಡಿದಳು. “ಹೌದಲ್ಲೋ, ಕಾದೈತಿ,” ಎಂದಳು. ಮರುದಿನವೇ ಪೆಟ್ಟಿಗೆಯೊಳಗಿನ ನಿಜವಾದ ಕೌದಿಗಳೆಲ್ಲ ಹೊರಬಂದವು. ಬಾಣಂತಿಯ ಮಂಚದ ನಾಲ್ಕೂ ಕಡೆ ಅವನ್ನು ಕಟ್ಟಿ, ಮೇಲೆ ಮಾತ್ರ ತೆರೆದು ಬಿಟ್ಟಳು. “ಗಾಳಿ ಗೋಡಿಗೆ ಬಡೀಲಿ. ನನ್ನ ಮೊಮ್ಮಗಳಿಗೆ ಬಡಿಬಾರದು,” ಎಂದು ತೀರ್ಪು ಕೊಟ್ಟು, ಎಲ್ಲ ಕಿಟಕಿಗಳನ್ನೂ ತಾನೇ ತೆರೆದಳು.

ಸೋಮವಾರದ ಹೊತ್ತಿಗೆ ಗೋಡೆ ಆರಿತ್ತು, ಆದರೆ ಯಾರಿಗೂ ಧೈರ್ಯವಿಲ್ಲ. ತಾಪದಕ್ಕ ಬರುವ ಹೊತ್ತಿಗೆ ಮೈಬಿಸಿ ಕಡಿಮೆಯಿರಲೆಂದು ಅಜ್ಜಿ ನಮ್ಮನ್ನೆಲ್ಲ ಎದುರುಮನೆಯ ಮಾಬೂಬಿ ಖಾಲಾಳ ಮನೆಗೆ ಅಟ್ಟಿದಳು. ದಪ್ಪ ಮಾವ ಹೊಸ್ತಿಲು ದಾಟುತ್ತಿದ್ದಂತೆ ಖಾಲಾ ಹಣೆ ಚಚ್ಚಿಕೊಂಡು, “ನಿಮ್ಮ ಮನಿ ಬಿಸಿ ತಂದು ನಮ್ಮನ್ಯಾಗ ಸುರೀತೀರೇನ್ರೇ? ಕುಂಡ್ರಿ, ಉಸಿರು ಮಾತ್ರ ಸಣ್ಣಗ ಬಿಡ್ರಿ,” ಎಂದಳು. ನಾವು ಹಾಗೆಯೇ ಸಣ್ಣಗೆ ಉಸಿರಾಡುತ್ತ ಚಾಪೆಯ ಸಂದಿನಿಂದ ನೋಡಿದೆವು. ತಾಪದಕ್ಕ ಹೊರಗೆ ಬಂದಳು, ಬಾಗಿಲ ಮೇಲೆ ಸುಣ್ಣದ ಬೊಟ್ಟಿಟ್ಟಳು, ಹೋದಳು. ಸುಣ್ಣದ ಬೊಟ್ಟೆಂದರೆ ಮನೆ ತಂಪಿದೆ ಎಂದು ಅರ್ಥ. ಮರುದಿನ ನಸುಕಿನಲ್ಲಿ ಹಿತ್ತಿಲ ಬಚ್ಚಲಲ್ಲಿ ಅಜ್ಜಿ ಕಾಲು ಚಾಚಿ ಕೂತು ಕೂಸಿಗೆ ಎರೆದಳು. ಕೂಸಿನ ಅಳು ಇಡೀ ಓಣಿಗೆ ಕೇಳಿಸಿತು.

ಅಜ್ಜಿ ಮತ್ತೆ ನಾಲ್ಕು ಬೇಸಿಗೆ ಇದ್ದಳು. ಆ ಕೂಸು ಗಾಳೆಮ್ಮ ಈಗ ಮಾಪಕಕ್ಕೆ ಬರಫ ಹಚ್ಚುವಷ್ಟು ದೊಡ್ಡವಳಾಗಿದ್ದಾಳೆ. ವಿದ್ಯೆ ಯಾರು ಕಲಿಸಿದರೆಂದು ಕೇಳಬೇಡಿ. ಕೌದಿಗಳು ಮತ್ತೆ ಪೆಟ್ಟಿಗೆ ಸೇರಿವೆ.

ಪೂಜ್ಯರೇ, ನನ್ನ ಬಿನ್ನಹ ಇಷ್ಟೇ. ಮನೆಗೆ ಕೌದಿ ಹೊಚ್ಚಿ. ಬಿಸಿಲನ್ನು ಕಿಟಕಿಯ ಹೊರಗೇ ತಡೆಯಿರಿ. ರಾತ್ರಿ ತೆರೆಯಿರಿ, ಹಗಲು ಮುಚ್ಚಿರಿ. ಹಗಲು ಒಂದು ಬೆರಳಗಲ ಕಿಟಕಿ ತೆರೆಯುವುದೂ ಮನೆಮಂದಿಗೆಲ್ಲ ಮಾಡುವ ದ್ರೋಹವೆಂದು ತಿಳಿಯಿರಿ. ಇದನ್ನು ಹನ್ನೊಂದನೆಯ ವಾರ್ಡಿನ ಅಧಿಕೃತ ಕಿಟಕಿಕಾರನ ಆಜ್ಞೆಯೆಂದೇ ಭಾವಿಸತಕ್ಕದ್ದು.

ಒಂದು ಸಣ್ಣ ಮಾತು ಉಳಿಯಿತು. ಅಜ್ಜಿಗೆ ಇನ್ನೊಂದು ಕೆಟ್ಟ ಚಾಳಿಯಿತ್ತು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯನ್ನು ಗೇಣಗಲ ತೆರೆದು ಎದುರುಮನೆಗೆ ಕೂಗುತ್ತಿದ್ದಳು, ಊಟ ಆಯ್ತೇನಬೇ ಅಂತ. ಎಷ್ಟು ಬೈದರೂ ಬಿಡಲಿಲ್ಲ. ಈ ಕಾಗದವನ್ನು ನಾನು ಆ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಅದು ಗೇಣಗಲ ತೆರೆದಿದೆ. ದಿನಾ ಈ ಹೊತ್ತಿಗೆ ತೆರೆಯುತ್ತೇನೆ. ಬಿಸಿಗಾಳಿ ಮುಖಕ್ಕೆ ರಾಚುತ್ತದೆ, ಎದುರಿನ ಕಿಟಕಿಯೂ ಗೇಣಗಲ ತೆರೆಯುತ್ತದೆ, ಮುಪ್ಪಿನ ಮಾಬೂಬಿ ಖಾಲಾ ಕೇಳುತ್ತಾಳೆ, “ಊಟ ಆಯ್ತೇನೋ ತಮ್ಮಾ?”

ತಾಪದಕ್ಕನಿಗೆ ಹೇಳಬೇಡಿ.